ಸೊಟ್ಟ ಗ್ಯಾಲಕ್ಸಿಗಳೇ ಸುಲಭ, ನೆಟ್ಟಗಿರುವವೇ ಕಷ್ಟ

ನನ್ನ ಲ್ಯಾಪ್‌ಟಾಪಿನಲ್ಲಿ 'ಸೊಟ್ಟ' ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಅದರ ತುಂಬ ಗ್ಯಾಲಕ್ಸಿಗಳ ಚಿತ್ರಗಳು. ಪುಸ್ತಕದ ರಕ್ಷಾಪುಟದಲ್ಲಿ ಹಾಕುವಂಥ ಚೆಂದದ ಸುರುಳಿಗಳಲ್ಲ. ಬಾಲ ಬೆಳೆದವು, ನಕ್ಷತ್ರಗಳ ಚಪ್ಪಟೆ ತಟ್ಟೆ ಬಾಗಿದವು, ತೋಳುಗಳು ಉಲ್ಟಾ ಸುತ್ತಿಕೊಂಡವು, ನಡುವೆ ಖಾಲಿಯಾಗಿ ಉಂಗುರದಂತಾದವು.

ಅದರಲ್ಲಿ ಮೊದಲು ಸೇರಿದ್ದು ಗೊದಮೊಟ್ಟೆ ಗ್ಯಾಲಕ್ಸಿ. ಖಗೋಳ ವಿಜ್ಞಾನಿಗಳ ಪಟ್ಟಿಗಳಲ್ಲಿ ಅದರ ಹೆಸರು ಯುಜಿಸಿ 10214. ನಮ್ಮಿಂದ ಸುಮಾರು 42 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಹಬಲ್ ದೂರದರ್ಶಕಕ್ಕೆ 2002ರಲ್ಲಿ ಹೊಸ ಕ್ಯಾಮೆರಾ ಹಾಕಿದಾಗ ಮೊದಮೊದಲು ಬಂದ ಚಿತ್ರಗಳಲ್ಲಿ ಇದೂ ಒಂದು. ಒಂದು ಸುರುಳಿ ಗ್ಯಾಲಕ್ಸಿ, ಅದರಿಂದ ಹೊರಟ ಒಂದು ತೆಳ್ಳನೆಯ ಬಾಲ. ಬಾಲದ ಉದ್ದ ಸುಮಾರು 2.8 ಲಕ್ಷ ಜ್ಯೋತಿರ್ವರ್ಷ. ಅಂದರೆ ಗ್ಯಾಲಕ್ಸಿಗಿಂತ ಬಾಲವೇ ಜಾಸ್ತಿ ಉದ್ದ. ಆ ಬಾಲದ ಮೇಲೆ ಅಲ್ಲಲ್ಲಿ ನೀಲಿ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯೂ ಹೊಸದಾಗಿ ಹುಟ್ಟಿದ ನಕ್ಷತ್ರಗಳ ದೊಡ್ಡ ಗುಂಪು.

ಇದನ್ನು ತೋರಿಸಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಹೀಗೇಕಾಯಿತು? ಆಗ ನಾನು ಹೇಳುವುದು, ಇದಕ್ಕೆ ಉತ್ತರ ಕೊಡುವುದು ಸುಲಭ, ಪಕ್ಕದಲ್ಲಿರುವ ಸುಂದರ ಸುರುಳಿಗೆ ಉತ್ತರ ಕೊಡುವುದೇ ಕಷ್ಟ. ಯಾರೂ ತಕ್ಷಣ ನಂಬುವುದಿಲ್ಲ. ಆದರೆ ವರ್ಷಗಟ್ಟಲೆ ಈ ಚಿತ್ರಗಳನ್ನು ನೋಡಿ, ರಾತ್ರಿ ಹೊತ್ತು ಅವುಗಳ ಪುಟ್ಟ ಸಿಮ್ಯುಲೇಶನ್ ಬರೆದು ಓಡಿಸಿ ನೋಡಿದ ಮೇಲೆ ನನಗೆ ಇದು ಗಟ್ಟಿಯಾಗಿ ಅನ್ನಿಸಿದೆ.

ಮೊದಲು ಸುಂದರ ಸುರುಳಿಯ ಕಷ್ಟ ಏನು ಅಂತ ನೋಡೋಣ. ನಮ್ಮ ಸೂರ್ಯ ಆಕಾಶಗಂಗೆಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆ. ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಬೇಕು. ಈಗ ಸೂರ್ಯನ ಅರ್ಧ ದೂರದಲ್ಲಿ, ಅಂದರೆ 13,000 ಜ್ಯೋತಿರ್ವರ್ಷದಲ್ಲಿರುವ ಇನ್ನೊಂದು ನಕ್ಷತ್ರ ತೆಗೆದುಕೊಳ್ಳಿ. ಅದರ ವೇಗವೂ ಹೆಚ್ಚುಕಡಿಮೆ ಅಷ್ಟೇ. ದಾರಿ ಅರ್ಧ, ಹಾಗಾಗಿ ಸಮಯವೂ ಅರ್ಧ. ಸೂರ್ಯ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು ಎರಡು ಸುತ್ತು ಮುಗಿಸಿರುತ್ತದೆ.

ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಅಷ್ಟರಲ್ಲಿ ಅವನು ಸುಮಾರು 20 ಸುತ್ತು ಹಾಕಿದ್ದಾನೆ. ಒಳಗಿನ ನಕ್ಷತ್ರ 40. ಈ ಎರಡೂ ಒಂದೇ ತೋಳಿಗೆ ಅಂಟಿಕೊಂಡಿದ್ದರೆ ಆ ತೋಳು ಇಷ್ಟು ಹೊತ್ತಿಗೆ ಇನ್ನೂ 20 ಸುತ್ತು ಬಿಗಿಯಾಗಿ ಸುತ್ತಿಕೊಂಡು, ತೋಳು ಅಂತ ಗುರುತಿಸುವುದಕ್ಕೇ ಆಗದಂತೆ ಕಲಸಿಹೋಗಬೇಕಿತ್ತು. ಗ್ಯಾಲಕ್ಸಿಗಳಿಗೆ ಸೂರ್ಯನಿಗಿಂತ ಎಷ್ಟೋ ಜಾಸ್ತಿ ವಯಸ್ಸಾಗಿದೆ. ಆದರೂ ಆಕಾಶದ ತುಂಬ ಸುರುಳಿಗಳಿವೆ, ತೋಳುಗಳು ಬಿಡಿಸಿಟ್ಟಂತೆ ಕಾಣುತ್ತವೆ. ಎಲ್ಲಾದರೂ ಒಂದೋ ಎರಡೋ ಇದ್ದಿದ್ದರೆ ಬೇರೆ ಮಾತು. ಇಷ್ಟೊಂದಿವೆ ಅಂದ ಮೇಲೆ ತೋಳನ್ನು ಉಳಿಸುವ, ಇಲ್ಲವೇ ಮತ್ತೆ ಮತ್ತೆ ಹುಟ್ಟಿಸುವ ಏನೋ ಒಂದು ಕೆಲಸ ಮಾಡುತ್ತಿರಲೇಬೇಕು. ಅದು ಏನು ಅನ್ನೋದರ ಬಗ್ಗೆ ವಿಜ್ಞಾನಿಗಳಲ್ಲಿ ಇವತ್ತಿಗೂ ವಾದ ನಡೆಯುತ್ತಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಸೊಟ್ಟಗಿರುವವು.

ಮನುಷ್ಯರು ಮೊತ್ತಮೊದಲು ಸುರುಳಿ ಅಂತ ಗುರುತಿಸಿದ ಗ್ಯಾಲಕ್ಸಿಯೇ ಸೊಟ್ಟಗಿತ್ತು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ ಜಮೀನಿನಲ್ಲಿ 72 ಇಂಚು ಅಗಲದ ಕನ್ನಡಿಯ ದೂರದರ್ಶಕ ಕಟ್ಟಿಸಿದರು. 1917ರವರೆಗೂ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದು ಬರಲಿಲ್ಲ. ಅದರಲ್ಲಿ ಅವರು ಎಂ 51 ಅನ್ನೋ ಮಸುಕು ಕಲೆಯನ್ನು ನೋಡಿ ಕೈಯಲ್ಲೇ ಚಿತ್ರ ಬಿಡಿಸಿದರು. ಫೋಟೋ ತೆಗೆಯುವ ಹಾಗಿರಲಿಲ್ಲ. ಆ ಚಿತ್ರದಲ್ಲಿ ಸುರುಳಿ ಸ್ಪಷ್ಟವಾಗಿದೆ. ಒಂದು ತೋಳಿನ ತುದಿಯಲ್ಲಿ ಇನ್ನೊಂದು ಚಿಕ್ಕ ಉಂಡೆ ಜೋತುಬಿದ್ದಿದೆ. ಅದೇ ಜೊತೆಗಾರ ಗ್ಯಾಲಕ್ಸಿ, ಎನ್‌ಜಿಸಿ 5195. ತಾನು ನೋಡುತ್ತಿರುವುದು ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ಲೋಕ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಖಚಿತವಾಗಿದ್ದು 1920ರ ದಶಕದಲ್ಲಿ, ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿಯ ದೂರ ಅಳೆದ ಮೇಲೆ. ಆದರೂ ಆ ಜೊತೆಗಾರನನ್ನು ರಾಸ್ ಬಿಡದೆ ದಾಖಲಿಸಿದ್ದರಲ್ಲ, ಅದು ನನಗೆ ತುಂಬ ಇಷ್ಟ.

ಮುಂದೆ ಹಬಲ್ ಗ್ಯಾಲಕ್ಸಿಗಳನ್ನು ದುಂಡನೆಯವು, ಸುರುಳಿಯವು, ನಡುವೆ ಪಟ್ಟಿ ಇರುವ ಸುರುಳಿಯವು ಅಂತ ವಿಂಗಡಿಸಿದರು. ಎಲ್ಲ ಗ್ಯಾಲಕ್ಸಿಗಳೂ ಅದರಲ್ಲಿ ಹಿಡಿಸಲಿಲ್ಲ. 1966ರಲ್ಲಿ ಹಾಲ್ಟನ್ ಆರ್ಪ್ ಅನ್ನೋ ಖಗೋಳ ವಿಜ್ಞಾನಿ ಹಿಡಿಸದ 338 ವಿಚಿತ್ರಗಳನ್ನು ಒಟ್ಟುಹಾಕಿ ಒಂದು ಚಿತ್ರಸಂಪುಟ ಹೊರತಂದರು. ಗೊದಮೊಟ್ಟೆ ಅದರಲ್ಲಿ 188ನೆಯದು. ಎಂ 51 ಕೂಡ ಇದೆ, 85ನೆಯದು. ನನ್ನ ಫೋಲ್ಡರಿನ ಬಹುಪಾಲು ಚಿತ್ರಗಳು ಅಲ್ಲಿಂದಲೇ ಹುಡುಕಿಕೊಂಡವು.

ಆರ್ಪ್ ಸಂಪುಟ ಬಂದ ಕಾಲದಲ್ಲಿ ಒಂದು ದೊಡ್ಡ ಅನುಮಾನ ಇತ್ತು. ಇಷ್ಟು ಉದ್ದದ, ಇಷ್ಟು ತೆಳ್ಳನೆಯ ಬಾಲಗಳನ್ನು ಬರೀ ಗುರುತ್ವ ಎಳೆದು ತೆಗೆಯಲು ಸಾಧ್ಯವೇ ಅಂತ. ಗುರುತ್ವ ಎಳೆದರೆ ಅಗಲವಾಗಿ, ಮೊಂಡಾಗಿ ಹರಡಬೇಕು ಅಂತ ಹಲವರು ಅಂದುಕೊಂಡಿದ್ದರು. ಕಾಂತಕ್ಷೇತ್ರವೋ ಇನ್ನೇನೋ ಇರಬೇಕು ಅಂತ ಹುಡುಕಾಟ ನಡೆದಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಒಬ್ಬರ ಕೆಲಸ ಹೇಳಲೇಬೇಕು. 1941ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ ಎರಡು ಗ್ಯಾಲಕ್ಸಿಗಳು ಹತ್ತಿರ ಹಾದುಹೋದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. ಹೇಗೆ ಗೊತ್ತಾ? ಬಲ್ಬುಗಳಿಂದ. ಒಂದೊಂದು ಗ್ಯಾಲಕ್ಸಿಗೆ 37 ಬಲ್ಬು, ಒಟ್ಟು 74. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗುರುತ್ವವೂ ಹಾಗೇ ಇಳಿಯುತ್ತದೆ. ಹಾಗಾಗಿ ಒಂದು ಬಲ್ಬ್ ಇರುವ ಜಾಗದಲ್ಲಿ ಯಾವ ದಿಕ್ಕಿನಿಂದ ಎಷ್ಟು ಬೆಳಕು ಬೀಳುತ್ತಿದೆ ಅಂತ ಅಳೆದರೆ, ಆ ಜಾಗದ ನಕ್ಷತ್ರಗಳನ್ನು ಗುರುತ್ವ ಯಾವ ಕಡೆಗೆ ಎಷ್ಟು ಎಳೆಯುತ್ತದೆ ಅಂತ ಸಿಗುತ್ತದೆ. ಅಳೆಯುವುದು, ಎಲ್ಲ ಬಲ್ಬುಗಳನ್ನೂ ಸ್ವಲ್ಪ ಸ್ವಲ್ಪ ಸರಿಸುವುದು, ಮತ್ತೆ ಅಳೆಯುವುದು. ನನ್ನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಲೆಕ್ಕವನ್ನು ಅವರು ಕತ್ತಲ ಕೋಣೆಯಲ್ಲಿ ಕೈಯಿಂದ ಮಾಡಿದರು. ಗ್ಯಾಲಕ್ಸಿಗಳ ಬಗ್ಗೆ ನಾನು ಓದಿದ್ದರಲ್ಲೆಲ್ಲ ಇಷ್ಟು ಜಾಣತನದ ಪ್ರಯೋಗ ಇನ್ನೊಂದಿಲ್ಲ.

ಅನುಮಾನ ಬಗೆಹರಿದಿದ್ದು 1972ರಲ್ಲಿ. ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ, ಅಣ್ಣತಮ್ಮಂದಿರು, ಕಂಪ್ಯೂಟರಿನಲ್ಲಿ ಗ್ಯಾಲಕ್ಸಿಗಳನ್ನು ಹಾಯಿಸಿ ನೋಡಿದರು. ಅವರ ಉಪಾಯ ಸರಳ. ಗ್ಯಾಲಕ್ಸಿಯ ತೂಕವನ್ನೆಲ್ಲ ನಡುವಿನ ಒಂದೇ ಬಿಂದುವಿನಲ್ಲಿ ಇಡು. ಸುತ್ತಲೂ ತೂಕವೇ ಇಲ್ಲದ ಚುಕ್ಕೆಗಳನ್ನು ಉಂಗುರ ಉಂಗುರವಾಗಿ ತಿರುಗಲು ಬಿಡು. ಆಮೇಲೆ ಇನ್ನೊಂದು ಭಾರದ ಬಿಂದುವನ್ನು ಪಕ್ಕದಲ್ಲಿ ಹಾಯಿಸು. ಅಷ್ಟೇ. ಎಂ 51 ಬಂತು, ಉದ್ದ ಬಾಲಗಳ 'ಇಲಿಗಳು' ಬಂದವು, ಹುಳುವಿನ ಮೀಸೆಯಂಥ ಎರಡು ಬಾಲಗಳ ಆಂಟೆನಾ ಗ್ಯಾಲಕ್ಸಿಗಳೂ ಬಂದವು. ತೆಳ್ಳನೆಯ ಬಾಲಕ್ಕೆ ಗುರುತ್ವ ಒಂದೇ ಸಾಕು ಅಂತ ತೀರ್ಮಾನವಾಯಿತು.

ನಾನು ಬರೆದಿರುವ ಪ್ರೋಗ್ರಾಮ್ ಕೂಡ ಇದೇ ಉಪಾಯದ್ದು. ಕೆಲವು ಸಾವಿರ ಚುಕ್ಕೆಗಳು, ಎರಡು ಭಾರದ ಬಿಂದುಗಳು, ನೂರಿನ್ನೂರು ಸಾಲಿನ ಕೋಡ್. ಕೋಡ್ ಬರೆಯಲು ಸ್ವಲ್ಪ ಬರುವ ಯಾರು ಬೇಕಾದರೂ ಮಾಡಬಹುದು, ಮಾಡಿ ನೋಡಿ ಅಂತ ಮನಸ್ಸಿನಿಂದ ಹೇಳುತ್ತೇನೆ. ಪರದೆಯ ಮೇಲೆ ಚುಕ್ಕೆಗಳ ತಟ್ಟೆ ನೆಮ್ಮದಿಯಾಗಿ ತಿರುಗುತ್ತಿರುತ್ತದೆ. ಹೊರಗಿನ ಭಾರದ ಬಿಂದು ಹತ್ತಿರ ಬರುತ್ತದೆ. ಹಾಯುವಾಗ ಏನೂ ಆಗಲೇ ಇಲ್ಲ ಅನ್ನಿಸುತ್ತದೆ. ಅದು ದಾಟಿ ದೂರ ಹೋದ ಮೇಲೆ ಇತ್ತ ಕಡೆಯ ಚುಕ್ಕೆಗಳು ಅದರತ್ತ ಸೇತುವೆಯಂತೆ ಚಾಚುತ್ತವೆ. ಎದುರು ಕಡೆಯ ಚುಕ್ಕೆಗಳು ಬಾಲವಾಗಿ ಬಿಚ್ಚಿಕೊಳ್ಳುತ್ತವೆ.

ಎದುರು ಕಡೆ ಯಾಕೆ? ಹತ್ತಿರದ ಅಂಚನ್ನು ಗುರುತ್ವ ಜೋರಾಗಿ ಎಳೆಯುತ್ತದೆ, ನಡುವನ್ನು ಸ್ವಲ್ಪ ಕಡಿಮೆ, ದೂರದ ಅಂಚನ್ನು ಇನ್ನೂ ಕಡಿಮೆ. ನಡುವಿನಿಂದ ನೋಡಿದರೆ ಹತ್ತಿರದ ಅಂಚು ಮುಂದೆ ಹೋಯಿತು, ದೂರದ ಅಂಚು ಹಿಂದೆ ಉಳಿಯಿತು. ಎರಡೂ ಕಡೆ ಹಿಗ್ಗಿತು. ಚಂದ್ರನಿಂದ ಸಮುದ್ರ ಎರಡೂ ಬದಿಗೆ ಉಬ್ಬುವುದೂ ಇದೇ ಕಾರಣಕ್ಕೆ. ಆದರೆ ಇಲ್ಲಿ ತಟ್ಟೆ ತಿರುಗುತ್ತಲೂ ಇದೆಯಲ್ಲ, ಹಾಗಾಗಿ ಉಬ್ಬು ಉಬ್ಬಾಗಿ ಉಳಿಯದೆ ಬಳುಕಿ ಉದ್ದವಾಗುತ್ತದೆ.

ಒಂದು ದಿನ ಅಕ್ಕನ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. 'ಮಾಮ, ಅದು ಆ ಕಡೆಯಿಂದ ಬಂದ್ರೆ?' ಅಂದಳು. ಅಂದರೆ ತಟ್ಟೆ ತಿರುಗುವ ದಿಕ್ಕಿಗೆ ಉಲ್ಟಾ. ಬದಲಾಯಿಸಿ ಓಡಿಸಿದೆ. ತೂಕ ಅಷ್ಟೇ, ವೇಗ ಅಷ್ಟೇ, ದೂರ ಅಷ್ಟೇ. ದಿಕ್ಕು ಮಾತ್ರ ಬೇರೆ. ಬಾಲ ಬರಲೇ ಇಲ್ಲ. ತಟ್ಟೆ ಸ್ವಲ್ಪ ಅಲುಗಾಡಿ ಸುಮ್ನೆ ಮುಂಚಿನ ಹಾಗೇ ತಿರುಗುತ್ತಿತ್ತು. ಅವಳಿಗೆ ನಿರಾಸೆ, ನನಗೆ ಮೈ ಜುಮ್ಮೆಂದಿತು. ಟೂಮ್ರೆ ಸಹೋದರರು ಕಂಡುಕೊಂಡಿದ್ದರಲ್ಲಿ ಮುಖ್ಯವಾದದ್ದು ಇದೇ. ಹೊರಗಿನದು ತಟ್ಟೆ ತಿರುಗುವ ದಿಕ್ಕಿನಲ್ಲೇ ಹಾದರೆ, ಅಂಚಿನ ನಕ್ಷತ್ರಗಳು ಅದರ ಜೊತೆಜೊತೆಗೇ ಸಾಗುತ್ತವೆ. ಎಳೆತ ತುಂಬ ಹೊತ್ತು ಒಂದೇ ಕಡೆಗೆ ಸಿಗುತ್ತದೆ. ಎದುರು ದಿಕ್ಕಿನಲ್ಲಿ ಹಾದರೆ ಎರಡೂ ಪಕ್ಕಪಕ್ಕ ಬರುವುದು ಒಂದು ಗಳಿಗೆ ಮಾತ್ರ. ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ಎಳೆದು ಕೊನೆಗೆ ಸರಿಹೋಗಿಬಿಡುತ್ತದೆ. ಬಾಲ ಇದೆ ಅಂದರೆ ಏನೋ ಹಾದುಹೋಯಿತು ಅಂತ ಮಾತ್ರವಲ್ಲ, ಯಾವ ದಿಕ್ಕಿನಲ್ಲಿ ಹಾದುಹೋಯಿತು ಅಂತಲೂ ಗೊತ್ತಾಗುತ್ತದೆ. ಕೋಟ್ಯಂತರ ವರ್ಷಗಳ ಹಿಂದಿನ ಒಂದು ಚಲನೆ ಒಂದೇ ಸ್ಥಿರಚಿತ್ರದಲ್ಲಿ ಓದಲು ಸಿಗುತ್ತದೆ! ಸೊಟ್ಟಗಿರುವವು ಸುಲಭ ಅಂತ ನಾನು ಹೇಳುವುದು ಇದಕ್ಕೇ.

ಗೊದಮೊಟ್ಟೆಯ ಬಾಲ ಎಳೆದದ್ದು ಯಾರು ಅಂತಲೂ ಗೊತ್ತಿದೆ. ಹಬಲ್ ಚಿತ್ರದಲ್ಲಿ ಎಡಮೇಲ್ಭಾಗದ ತೋಳಿನ ಮಧ್ಯೆ ಒಂದು ನೀಲಿ, ಪುಟ್ಟ, ಗಟ್ಟಿ ಗ್ಯಾಲಕ್ಸಿ ಇಣುಕುತ್ತದೆ. ಅದು ಈಗ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಹಿಂದಕ್ಕೆ ಹೋಗಿದೆ ಅಂತ ಅಂದಾಜು. ಚಿತ್ರದಲ್ಲಿ ಒಳಗೇ ಇದೆ ಅನ್ನಿಸುತ್ತದೆ.

ಚಿತ್ರ ನಮಗೆ ಒಂದೇ ಕೋನದಿಂದ ಸಿಗುತ್ತದೆ ಅನ್ನೋದನ್ನೂ ಮರೆಯಬಾರದು. ಇಲಿಗಳಲ್ಲಿ, ಅಂದರೆ ಎನ್‌ಜಿಸಿ 4676ರಲ್ಲಿ, ಒಂದು ಬಾಲ ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗಿದೆ. ನಿಜದಲ್ಲಿ ಅದು ಬಾಗಿದೆ, ನಮಗೆ ಅಂಚಿನಿಂದ ಕಾಣುತ್ತಿದೆ ಅಷ್ಟೇ. ನನ್ನ ಪ್ರೋಗ್ರಾಮಿನಲ್ಲಿ ಮೌಸ್ ಹಿಡಿದು ದೃಶ್ಯವನ್ನು ತಿರುಗಿಸಿದರೆ ಇದು ಕಣ್ಣೆದುರೇ ಆಗುತ್ತದೆ. ಬಾಗಿದ ಬಾಲ ಒಂದು ಕೋನದಲ್ಲಿ ನೆಟ್ಟಗಾಗುತ್ತದೆ, ದಾಟಿಸಿದರೆ ಮತ್ತೆ ಬಾಗುತ್ತದೆ.

ಅಕ್ಕನ ಮಗಳ ಇನ್ನೊಂದು ಪ್ರಶ್ನೆ ಎಲ್ಲರದ್ದೂ ಹೌದು: 'ನಕ್ಷತ್ರಗಳು ಒಂದಕ್ಕೊಂದು ಢಿಕ್ಕಿ ಹೊಡೆಯಲ್ವಾ?' ಇಲ್ಲ. ಸೂರ್ಯನ ಅಗಲ ಸುಮಾರು 14 ಲಕ್ಷ ಕಿಲೋಮೀಟರ್. ಅವನಿಗೆ ತೀರಾ ಹತ್ತಿರದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರ. ಅಂದರೆ ಮಧ್ಯದಲ್ಲಿ ಮೂರು ಕೋಟಿಯಷ್ಟು ಸೂರ್ಯರನ್ನು ಸಾಲಾಗಿ ಜೋಡಿಸಬಹುದು. ಇಷ್ಟು ಖಾಲಿ ಜಾಗದಲ್ಲಿ ನಕ್ಷತ್ರಕ್ಕೆ ನಕ್ಷತ್ರ ತಗುಲುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ಅನಿಲದ ಮೋಡಗಳ ಕಥೆ ಬೇರೆ. ಅವು ಹರಡಿಕೊಂಡಿರುತ್ತವೆ, ಡಿಕ್ಕಿಯಾಗುತ್ತವೆ, ಒತ್ತಿಕೊಳ್ಳುತ್ತವೆ. ಆಗ ಹೊಸ ನಕ್ಷತ್ರಗಳು ಒಟ್ಟೊಟ್ಟಿಗೆ ಹುಟ್ಟುತ್ತವೆ. ಬಾಲದ ನೀಲಿ ಚುಕ್ಕೆಗಳಿಗೆ ಇದೇ ಕಾರಣ.

ಹೊರಗಿನದು ಪಕ್ಕದಲ್ಲಿ ಹಾಯದೆ ತಟ್ಟೆಯ ನಡುವಿಗೇ, ನೇರವಾಗಿ ಚುಚ್ಚಿಕೊಂಡು ಹೋದರೆ? ಆಗ ಬರುವುದು ಉಂಗುರ. ಬಂಡಿಚಕ್ರ ಗ್ಯಾಲಕ್ಸಿ ಇದರ ದೊಡ್ಡ ಉದಾಹರಣೆ. 1941ರಲ್ಲಿ ಫ್ರಿಟ್ಜ್ ಜ್ವಿಕಿ ಗುರುತಿಸಿದ್ದು, ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರ. ಹೊರಗೆ ಒಂದು ದೊಡ್ಡ ಹೊಳೆಯುವ ಉಂಗುರ, ಒಳಗೊಂದು ಚಿಕ್ಕದು, ಎರಡನ್ನೂ ಸೇರಿಸುವ ಕಡ್ಡಿಗಳು. ಹೊರ ಉಂಗುರದ ಅಗಲ ಸುಮಾರು 1.5 ಲಕ್ಷ ಜ್ಯೋತಿರ್ವರ್ಷ. ಇದಕ್ಕೂ ಮುಂಚೆ ಅದೊಂದು ಮಾಮೂಲಿ ಸುರುಳಿ ಗ್ಯಾಲಕ್ಸಿ ಆಗಿದ್ದಿರಬೇಕು.

ಉಂಗುರ ಹುಟ್ಟುವ ಬಗೆಯನ್ನು ನಿಧಾನವಾಗಿ ಯೋಚಿಸಿದರೆ ಬಲು ಚೆಂದ. ಹೊರಗಿನದು ನಡುವಿಗೆ ಬಂದ ಆ ಹೊತ್ತಿನಲ್ಲಿ ನಡುವಿನ ತೂಕ ಇದ್ದಕ್ಕಿದ್ದಂತೆ ಜಾಸ್ತಿ ಆಗುತ್ತದೆ. ಎಲ್ಲ ನಕ್ಷತ್ರಗಳೂ ಒಳಕ್ಕೆ ಜರುಗುತ್ತವೆ. ಅದು ದಾಟಿಹೋಯಿತು, ತೂಕ ಮತ್ತೆ ಮೊದಲಿನಷ್ಟಾಯಿತು. ನಕ್ಷತ್ರಗಳು ಹೊರಕ್ಕೆ ಚಿಮ್ಮುತ್ತವೆ, ಮತ್ತೆ ಒಳಕ್ಕೆ ಬರುತ್ತವೆ, ಹೀಗೆ ತೂಗಾಡುತ್ತವೆ. ಒಳಗಿನವು ಬೇಗ ಬೇಗ ತೂಗುತ್ತವೆ, ಹೊರಗಿನವು ನಿಧಾನ. ಒಳಗಿನದು ಹೊರಕ್ಕೆ ಬರುವ ಹೊತ್ತಿಗೆ ಅದರಾಚೆಯದು ಇನ್ನೂ ಒಳಕ್ಕೆ ಹೋಗುತ್ತಿರುತ್ತದೆ. ಇಬ್ಬರೂ ಒಂದೆಡೆ ಸೇರಿ ದಟ್ಟವಾಗುತ್ತಾರೆ. ಈ ದಟ್ಟಣೆ ಒಳಗಿನಿಂದ ಹೊರಕ್ಕೆ ಸಾಗುತ್ತಾ ಹೋಗುತ್ತದೆ. ಅದೇ ಉಂಗುರ. ಸುಮಾರು 40 ಕೋಟಿ ವರ್ಷಗಳಿಂದ ಅದು ಹೊರಕ್ಕೆ ಹರಡುತ್ತಲೇ ಇದೆ. 2022ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರ ಬಂದಾಗ ಆ ಕಡ್ಡಿಗಳೊಳಗಿನ ದೂಳಿನ ಎಳೆಗಳೂ ಕಂಡವು. ಆ ರಾತ್ರಿ ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾ ಕೂತಿದ್ದೆ.

ಇದರ ಪಕ್ಕದಲ್ಲಿ ಹೋಗ್ ಕಾಯ ಅನ್ನೋ ಗ್ಯಾಲಕ್ಸಿಯನ್ನು ಇಟ್ಟು ನೋಡಿ. 1950ರಲ್ಲಿ ಆರ್ಟ್ ಹೋಗ್ ಕಂಡದ್ದು. ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರ. ನಡುವೆ ಹಳದಿ ಗುಂಡು, ಸುತ್ತ ಖಾಲಿ, ಆಚೆ ನೀಲಿ ಉಂಗುರ. ಕೈವಾರ ಇಟ್ಟು ಎಳೆದಷ್ಟು ಸರಿಯಾಗಿದೆ. ಅದರ ಖಾಲಿ ಜಾಗದ ಮೂಲಕ ಬಲು ದೂರದ ಇನ್ನೊಂದು ಉಂಗುರ ಗ್ಯಾಲಕ್ಸಿಯೂ ಕಾಣುತ್ತದೆ! ಚುಚ್ಚಿಕೊಂಡು ಹೋದ ಗ್ಯಾಲಕ್ಸಿ ಮಾತ್ರ ಅಕ್ಕಪಕ್ಕದಲ್ಲಿ ಎಲ್ಲೂ ಇಲ್ಲ. ಅದು ಹೇಗೆ ಹಾಗಾಯಿತು ಅಂತ ಎಲ್ಲರೂ ಒಪ್ಪಿದ ಉತ್ತರ ಇಲ್ಲ. ಬಂಡಿಚಕ್ರ ಸೊಟ್ಟಗಿದೆ, ನಡು ಸ್ವಲ್ಪ ಪಕ್ಕಕ್ಕೆ ಸರಿದಿದೆ, ಅನುಮಾನ ಪಡಬಹುದಾದ ಗ್ಯಾಲಕ್ಸಿಗಳು ಹತ್ತಿರದಲ್ಲೇ ಇವೆ. ಸುಳಿವುಗಳು ಸಿಗುತ್ತವೆ. ಹೋಗ್ ಕಾಯದಲ್ಲಿ ಅಂಥ ಸುಳಿವು ಯಾವುದೂ ಉಳಿದಿಲ್ಲ.

ಎಲ್ಲ ಬಾಲಗಳೂ ಗುರುತ್ವದ ಕೆಲಸವಲ್ಲ ಅನ್ನೋದನ್ನು ಇಲ್ಲಿ ಹೇಳಬೇಕು. ಲೋಳೆಮೀನು, ಅಂದರೆ ಜೆಲ್ಲಿಫಿಶ್ ಗ್ಯಾಲಕ್ಸಿಗಳು ಅಂತ ಇವೆ. ಇಎಸ್‌ಒ 137-001 ಅಂಥದ್ದು. ಸುಮಾರು 22 ಕೋಟಿ ಜ್ಯೋತಿರ್ವರ್ಷ ದೂರದ ಒಂದು ದೊಡ್ಡ ಗ್ಯಾಲಕ್ಸಿ ಗುಂಪಿನೊಳಕ್ಕೆ ಅದು ನುಗ್ಗುತ್ತಿದೆ. ಅಂಥ ಗುಂಪುಗಳಲ್ಲಿ ಗ್ಯಾಲಕ್ಸಿಗಳ ನಡುವಿನ ಜಾಗ ಖಾಲಿಯಲ್ಲ. ಕೋಟಿಗಟ್ಟಲೆ ಡಿಗ್ರಿ ಕಾದ ತೆಳು ಅನಿಲ ತುಂಬಿರುತ್ತದೆ. ಅದರ ವಿರುದ್ಧ ವೇಗವಾಗಿ ನುಗ್ಗುವಾಗ ಗ್ಯಾಲಕ್ಸಿಯ ಒಳಗಿನ ಅನಿಲ ಹಿಂದಕ್ಕೆ ಕಿತ್ತುಹೋಗುತ್ತದೆ. ಎಕ್ಸ್-ರೇ ದೂರದರ್ಶಕದಲ್ಲಿ ಆ ಬಾಲ ಸುಮಾರು 2.6 ಲಕ್ಷ ಜ್ಯೋತಿರ್ವರ್ಷ ಉದ್ದ ಕಾಣುತ್ತದೆ. ಹೀಗೆ ಆಗಬಹುದು ಅಂತ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಬರೆದಿದ್ದೂ 1972ರಲ್ಲೇ. ಬಾಲಗಳ ಎರಡೂ ಕಾರಣಗಳಿಗೆ ಒಂದೇ ವರ್ಷ! ಇಂಥ ಇನ್ನೊಂದು ಲೋಳೆಮೀನು, ಜೆಒ 201. ಅದರ ಕಿತ್ತುಹೋದ ಅನಿಲದಲ್ಲಿ ಹುಟ್ಟುತ್ತಿರುವ ನಕ್ಷತ್ರಗಳನ್ನು ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಹಿಡಿದಿದೆ.

ಎರಡನ್ನೂ ಬೇರ್ಪಡಿಸುವುದು ಹೇಗೆ? ಹಳೆಯ ನಕ್ಷತ್ರಗಳ ತಟ್ಟೆಯನ್ನು ನೋಡಬೇಕು. ಗುರುತ್ವ ಭೇದ ಮಾಡುವುದಿಲ್ಲ. ನಕ್ಷತ್ರವನ್ನೂ ಅನಿಲವನ್ನೂ ಒಟ್ಟಿಗೇ ಎಳೆಯುತ್ತದೆ. ಕಾದ ಅನಿಲದ ಒತ್ತಡ ಅನಿಲವನ್ನು ಮಾತ್ರ ತಳ್ಳುತ್ತದೆ, ನಕ್ಷತ್ರಗಳು ಅದಕ್ಕೆ ಜಗ್ಗುವುದಿಲ್ಲ. ತಟ್ಟೆ ಸರಿಯಾಗಿದ್ದು ಬಾಲ ಇದ್ದರೆ ಒತ್ತಡ. ತಟ್ಟೆಯೇ ಕೆಟ್ಟಿದ್ದರೆ ಗುರುತ್ವ. ಹೊಸ ಚಿತ್ರ ಸಿಕ್ಕಾಗ ನಾನು ಮೊದಲು ನೋಡುವುದು ಇದನ್ನೇ.

ತಟ್ಟೆ ಬಾಗುವುದು ತುಂಬ ಸಾಮಾನ್ಯ. ಇಎಸ್‌ಒ 510-ಜಿ13 ಅನ್ನೋದನ್ನು ಅಂಚಿನಿಂದ ನೋಡಿದರೆ ರಿಮ್ ಬೆಂಡಾದ ಸೈಕಲ್ ಚಕ್ರದ ಹಾಗಿದೆ. ನಮ್ಮ ಆಕಾಶಗಂಗೆಯ ಅಂಚೂ ಹಾಗೇ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಬಾಗಿದೆ. 2019ರಲ್ಲಿ ಎರಡು ಬೇರೆ ಬೇರೆ ತಂಡಗಳು ಸೀಫಿಡ್ ಅನ್ನೋ, ಹೊಳಪು ಏರಿಳಿಯುವ ನಕ್ಷತ್ರಗಳ ದೂರ ಅಳೆದು ಇದರ ನಕ್ಷೆ ಬಿಡಿಸಿದವು. ಎನ್‌ಜಿಸಿ 4650ಎ ಇನ್ನೂ ಮುಂದಕ್ಕೆ ಹೋಗಿದೆ. ಅದರಲ್ಲಿ ತಟ್ಟೆಗೆ ಅಡ್ಡಲಾಗಿ ಇನ್ನೊಂದು ಉಂಗುರವೇ ಇದೆ. ಹೊರಗಿನಿಂದ ಬಂದ ಅನಿಲ, ನಕ್ಷತ್ರಗಳು ತಾವು ಬಂದ ಕೋನದಲ್ಲೇ ಉಳಿದುಕೊಂಡಿವೆ. ದೊಡ್ಡದರ ಲೆಕ್ಕದಲ್ಲಿ ಎನ್‌ಜಿಸಿ 6872. ಪಕ್ಕದ ಪುಟ್ಟ ಐಸಿ 4970 ಹಾದುಹೋಗಿ, ಇದರ ತೋಳುಗಳು ತುದಿಯಿಂದ ತುದಿಗೆ ಸುಮಾರು 5.2 ಲಕ್ಷ ಜ್ಯೋತಿರ್ವರ್ಷ ಚಾಚಿಕೊಂಡಿವೆ.

ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿದ್ದು ಎನ್‌ಜಿಸಿ 4622. ಸುಮಾರು 11 ಕೋಟಿ ಜ್ಯೋತಿರ್ವರ್ಷ ದೂರದ ಸುರುಳಿ. ಮೊದಲ ನೋಟಕ್ಕೆ ಏನೂ ವಿಶೇಷ ಇಲ್ಲ. ಸುರುಳಿ ಗ್ಯಾಲಕ್ಸಿಗಳ ತೋಳುಗಳು ಸಾಮಾನ್ಯವಾಗಿ ತಿರುಗುವ ದಿಕ್ಕಿಗೆ ಹಿಂದೆ ಬೀಳುತ್ತವೆ. ತೋಳಿನ ತುದಿ ಹಿಂದಕ್ಕೆ ಎಳೆದಂತಿರುತ್ತದೆ. ಇದರಲ್ಲಿ ಹೊರಗಿನ ಎರಡು ತೋಳು ಒಂದು ದಿಕ್ಕಿಗೆ ಬಿಚ್ಚಿಕೊಂಡಿವೆ, ಒಳಗಿನ ಒಂದು ತೋಳು ಇನ್ನೊಂದು ದಿಕ್ಕಿಗೆ. ಅಂದರೆ ಗ್ಯಾಲಕ್ಸಿ ಯಾವ ಕಡೆಗೇ ತಿರುಗಲಿ, ಒಳಗಿನದೋ ಹೊರಗಿನವೋ ನಿಯಮ ಮುರಿದಿರಲೇಬೇಕು ಅಲ್ವಾ? ಯಾವುದು ಅಂತ ತಿಳಿಯಲು ಗ್ಯಾಲಕ್ಸಿ ತಿರುಗುವ ದಿಕ್ಕು ಬೇಕು. ಅದಕ್ಕೆ ಯಾವ ಬದಿ ನಮಗೆ ಹತ್ತಿರ ಅಂತ ಗೊತ್ತಾಗಬೇಕು. ರೊನಾಲ್ಡ್ ಬೂಟಾ, ಜೀನ್ ಬರ್ಡ್ ಮತ್ತು ಜೊತೆಗಾರರು ಹಬಲ್ ಚಿತ್ರದಲ್ಲಿ ದೂಳನ್ನು ಗಮನಿಸಿದರು. ಹತ್ತಿರದ ಬದಿಯ ದೂಳು ಹಿಂದಿನ ಬೆಳಕನ್ನು ಜಾಸ್ತಿ ಮರೆಮಾಡುತ್ತದೆ. ಕೊನೆಗೆ ಸಿಕ್ಕ ಉತ್ತರ: ಹೊರಗಿನ ಎರಡು ದೊಡ್ಡ ತೋಳುಗಳೇ ಮುಂದಕ್ಕೆ ಚಾಚಿಕೊಂಡು ತಿರುಗುತ್ತಿವೆ. ಹಿಂದೆ ಇನ್ನೊಂದು ಚಿಕ್ಕ ಗ್ಯಾಲಕ್ಸಿಯನ್ನು ಒಳಗೆ ಸೇರಿಸಿಕೊಂಡದ್ದು ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ.

ಉಲ್ಟಾ ಅಂದಾಗ ಖಗೋಳ ವಿಜ್ಞಾನಿ ವೆರಾ ರೂಬಿನ್ ನೆನಪಾಗುತ್ತಾರೆ. 1992ರಲ್ಲಿ ಅವರು ಮತ್ತು ಜೊತೆಗಾರರು ಎನ್‌ಜಿಸಿ 4550ರಲ್ಲಿ ಒಂದು ಆಶ್ಚರ್ಯ ಕಂಡರು. ಒಂದೇ ತಟ್ಟೆಯಲ್ಲಿ ಸುಮಾರು ಅರ್ಧದಷ್ಟು ನಕ್ಷತ್ರಗಳು ಒಂದು ಕಡೆಗೆ, ಉಳಿದ ಅರ್ಧ ಎದುರು ಕಡೆಗೆ ಸುತ್ತುತ್ತಿವೆ. ಹೊರಗಿನಿಂದ ನೋಡಿದರೆ ಆ ಗ್ಯಾಲಕ್ಸಿ ತೀರಾ ಸಾಧಾರಣ. ಬೆಳಕನ್ನು ಬಣ್ಣಗಳಾಗಿ ಒಡೆದು ವೇಗ ಅಳೆಯದೆ ಹೋಗಿದ್ದರೆ ಈ ಗುಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ.

ಕಣ್ಣಿನ ಬಗ್ಗೆಯೂ ಒಂದು ಮಾತು. 2007ರಲ್ಲಿ ಗ್ಯಾಲಕ್ಸಿ ಝೂ ಅನ್ನೋ ಯೋಜನೆ ಶುರುವಾಯಿತು. ಸಾಮಾನ್ಯ ಜನರೇ ಗ್ಯಾಲಕ್ಸಿಗಳ ಚಿತ್ರ ನೋಡಿ ವಿಂಗಡಿಸುವುದು. ನಾನೂ ಅದರಲ್ಲಿ ಕೂತು ಎಷ್ಟೋ ಸಂಜೆ ಕಳೆದಿದ್ದೇನೆ. ಸುರುಳಿ ಗಡಿಯಾರದ ದಿಕ್ಕಿಗಿದೆಯೋ ಎದುರಿಗಿದೆಯೋ ಅಂತ ಕೇಳುತ್ತಿದ್ದರು. ಎದುರು ದಿಕ್ಕಿನವು ಜಾಸ್ತಿ ಬಂದವು. ವಿಶ್ವಕ್ಕೇ ಒಂದು ದಿಕ್ಕಿನ ಒಲವಿದೆಯಾ? ಪರೀಕ್ಷಿಸಲು ಅದೇ ಚಿತ್ರಗಳನ್ನು ಕನ್ನಡಿಯಲ್ಲಿ ತಿರುಗಿಸಿದಂತೆ ತೋರಿಸಿದರು. ಆಗಲೂ ಎದುರು ದಿಕ್ಕಿನವೇ ಜಾಸ್ತಿ! ಒಲವು ಇದ್ದದ್ದು ನೋಡುವವರ ಕಣ್ಣಿನಲ್ಲಿ. ಅದನ್ನು ಕಳೆದಾಗ ಎರಡೂ ಸಮ ಸಮ.

ಈಗ ಆ ನೆಟ್ಟಗಿರುವ ಸುರುಳಿಗೆ ಬರೋಣ. ಎಂ 51ಕ್ಕೆ ಜೊತೆಗಾರ ಇದ್ದಾನೆ, ಕಾರಣ ಅಲ್ಲೇ ಇದೆ. ಆದರೆ ಎಂ 74 ನೋಡಿ. ಸುಮಾರು 3.2 ಕೋಟಿ ಜ್ಯೋತಿರ್ವರ್ಷ ದೂರ. ಎರಡು ತೋಳು, ಅಂದವಾಗಿ ಬಿಚ್ಚಿಕೊಂಡಿವೆ. ಎಳೆಯುವಂಥ ದೊಡ್ಡವರು ಹತ್ತಿರ ಯಾರೂ ಇಲ್ಲ.

1964ರಲ್ಲಿ ಸಿ. ಸಿ. ಲಿನ್ ಮತ್ತು ಫ್ರಾಂಕ್ ಶು ಕೊಟ್ಟ ಉತ್ತರ, ತೋಳು ಒಂದು ಅಲೆ ಅನ್ನೋದು. ಅದರಲ್ಲಿ ಇರುವುದು ಯಾವಾಗಲೂ ಅವೇ ನಕ್ಷತ್ರಗಳಲ್ಲ. ನಕ್ಷತ್ರಗಳು ಒಳಗೆ ಬರುತ್ತವೆ, ಸ್ವಲ್ಪ ನಿಧಾನಿಸುತ್ತವೆ, ಹೊರಗೆ ಹೋಗುತ್ತವೆ. ದಟ್ಟಣೆ ಮಾತ್ರ ತನ್ನದೇ ವೇಗದಲ್ಲಿ ಸುತ್ತುತ್ತಾ ಉಳಿಯುತ್ತದೆ. ಬಿಗಿಯಾಗಿ ಸುತ್ತಿಕೊಳ್ಳುವ ತೊಂದರೆ ಇದರಿಂದ ತಪ್ಪುತ್ತದೆ. ಇನ್ನೊಂದು ಉತ್ತರ, ತೋಳುಗಳು ಶಾಶ್ವತವೇ ಅಲ್ಲ, ಹುಟ್ಟುತ್ತವೆ, ಅಳಿಸಿಹೋಗುತ್ತವೆ, ಮತ್ತೆ ಹುಟ್ಟುತ್ತವೆ ಅನ್ನೋದು. ತಟ್ಟೆಯಲ್ಲಿ ಎಲ್ಲೋ ಸ್ವಲ್ಪ ನಕ್ಷತ್ರಗಳು ಒಟ್ಟಾದರೆ ಸಾಕು. ತಿರುಗುವಿಕೆ ಆ ಗುಂಪನ್ನು ಉದ್ದಕ್ಕೆ ಎಳೆಯುತ್ತದೆ. ಎಳೆಯುವ ಹೊತ್ತಿನಲ್ಲೇ ಅದರ ಸ್ವಂತ ಗುರುತ್ವ ಇನ್ನಷ್ಟು ನಕ್ಷತ್ರಗಳನ್ನು ಸೇರಿಸಿಕೊಂಡು ಹಲವು ಪಟ್ಟು ದಪ್ಪ ಮಾಡುತ್ತದೆ. ಇದನ್ನು 1981ರಲ್ಲಿ ವಿವರವಾಗಿ ತೋರಿಸಿದ್ದೂ ಅಲಾರ್ ಟೂಮ್ರೆಯೇ. ನನ್ನ ಒಲವು ಈ ಎರಡನೆಯದರ ಕಡೆಗೆ, ಕನಿಷ್ಠ ಹಲವು ತೋಳುಗಳ ಗ್ಯಾಲಕ್ಸಿಗಳ ಮಟ್ಟಿಗೆ. ಎರಡೇ ತೋಳಿನ ಒಂಟಿ ಎಂ 74 ಅಂಥವುಗಳಿಗೆ ಅದಷ್ಟೇ ಸಾಕು ಅಂತ ನನಗೆ ಅನ್ನಿಸುವುದಿಲ್ಲ.

ಒಲವಿಗೆ ಕಾರಣ ನನ್ನ ಪರದೆ. ಟೂಮ್ರೆ ಸಹೋದರರ ಹಳೆಯ ಉಪಾಯದಲ್ಲಿ ಚುಕ್ಕೆಗಳಿಗೆ ತೂಕ ಇಲ್ಲ ಅಂದೆನಲ್ಲ, ಈಚೆಗೆ ಪ್ರತಿ ಚುಕ್ಕೆಗೂ ತೂಕ ಕೊಟ್ಟೆ. ಲೆಕ್ಕ ತುಂಬ ಜಾಸ್ತಿ ಆಗುತ್ತದೆ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಬೇಕು. ಹೊರಗಿನಿಂದ ಯಾರನ್ನೂ ಹಾಯಿಸಲಿಲ್ಲ. ಆದರೂ ತಟ್ಟೆಯಲ್ಲಿ ತಾನಾಗಿ ತೋಳುಗಳು ಮೂಡಿದವು. ನಾಲ್ಕು, ಐದು, ಕೆಲವೊಮ್ಮೆ ಎರಡು. ಒಂದು ಮುರಿದು ಇನ್ನೊಂದಕ್ಕೆ ಸೇರುತ್ತಿತ್ತು. ಕೆಲವು ಸುತ್ತುಗಳಾದ ಮೇಲೆ ಮಸುಕಾಗುತ್ತಾ ಬಂದವು. ಇದೂ ಗೊತ್ತಿರುವ ವಿಷಯವೇ. ತೋಳುಗಳು ನಕ್ಷತ್ರಗಳನ್ನು ಅಲುಗಾಡಿಸುತ್ತವೆ, ಅಲುಗಾಡಿದ ನಕ್ಷತ್ರಗಳು ಅಡ್ಡಾದಿಡ್ಡಿ ಓಡುತ್ತವೆ, ಹಾಗೆ ಓಡುವವನ್ನು ಒಟ್ಟು ಸೇರಿಸಲು ಗುರುತ್ವಕ್ಕೆ ಆಗುವುದಿಲ್ಲ. 1984ರಲ್ಲಿ ಜೆರಿ ಸೆಲ್‌ವುಡ್ ಮತ್ತು ರೇಮಂಡ್ ಕಾರ್ಲ್‌ಬರ್ಗ್ ಇದನ್ನೇ ತೋರಿಸಿದರು. ಶಾಂತವಾಗಿ ಸುತ್ತುವ ಹೊಸ ನಕ್ಷತ್ರಗಳನ್ನು ತಟ್ಟೆಗೆ ಸೇರಿಸುತ್ತಾ ಹೋದರೆ ತೋಳುಗಳು ಮತ್ತೆ ಮತ್ತೆ ಹುಟ್ಟುತ್ತವೆ ಅಂತಲೂ ತೋರಿಸಿದರು. ನಿಜವಾದ ಗ್ಯಾಲಕ್ಸಿಯಲ್ಲಿ ಆ ಕೆಲಸ ಮಾಡುವುದು ಅನಿಲ. ಅದು ತಣ್ಣಗಾಗುತ್ತದೆ, ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತದೆ. ಅನಿಲ ಮುಗಿದುಹೋದ ತಟ್ಟೆಗಳಲ್ಲಿ ತೋಳುಗಳು ಇಲ್ಲದಿರುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಈಗ ನಾನು ಸೇರಿಸುತ್ತಿರುವುದು ಅದನ್ನೇ. ಪ್ರತಿ ಸುತ್ತಿಗೂ ಒಂದಿಷ್ಟು ಹೊಸ ಚುಕ್ಕೆಗಳು, ವೃತ್ತದಲ್ಲೇ ಶಾಂತವಾಗಿ ಸುತ್ತುವವು. ಎಷ್ಟು ಸೇರಿಸಿದರೆ ತೋಳುಗಳು ಉಳಿಯುತ್ತವೆ, ಎಷ್ಟಕ್ಕೆ ಮೂರು ನಾಲ್ಕು ಹೋಗಿ ಎರಡೇ ಆಗುತ್ತವೆ ಅಂತ ನೋಡಬೇಕಿದೆ.